ಮೂಲೆ ಸೀಟಿನ ಮೂವತ್ತೆರಡು

ನನ್ನ ಗಂಡ ನಿಧಾನದ ಮನುಷ್ಯ ಆಗಿರಲಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಹೋದ ಮೇಲೆ ಮನೆಗೆ ಬಂದವರೆಲ್ಲ ಅವರು ನಿಧಾನ ಎಂಬುದನ್ನೇ ಬೇರೆ ಬೇರೆ ಥರ ಹೇಳಿ ಹೋದರು. ‘ಪಾಪ, ಕೊನೇಲಿ ಕೈ ಓಡ್ತಿರ್ಲಿಲ್ಲ’ ಎಂದರು ಒಬ್ಬರು. ‘ತಲೆ ಮಂಕಾಗಿತ್ತು, ಆದ್ರೂ ಕೆಲಸಕ್ಕೆ ಬರೋದು ಬಿಡ್ಲಿಲ್ಲ’ ಎಂದರು ಇನ್ನೊಬ್ಬರು. ಹೇಳಿದ ಬಾಯಲ್ಲೇ ನಾನು ಕೊಟ್ಟ ಕಾಫಿ ಕುಡಿದರು. ತಳದಲ್ಲಿ ಉಳಿದ ಸಕ್ಕರೆಯನ್ನು ಬೆರಳಲ್ಲಿ ಬಳಿದು ನೆಕ್ಕಿದವರೂ ಇದ್ದರು. ಆ ಲೋಟಗಳನ್ನು ಎರಡೆರಡು ಸಲ ಉಜ್ಜಿ ತೊಳೆದೆ.

ಅವರ ಆಫೀಸಿನ ಯಜಮಾನನೂ ಬಂದಿದ್ದ. ಮೈಮೇಲೆ ಸೆಂಟು ಸುರಿದುಕೊಳ್ಳುವ ಮನುಷ್ಯ. ಮನೆಯಲ್ಲಿ ನನ್ನ ಗಂಡ ಅವನನ್ನು ಕರೆಯುತ್ತಿದ್ದದ್ದೇ ಸೆಂಟು ಎಂದು. ಹೆಣದ ಪಕ್ಕ ನಿಂತು ಮೂಗಿಗೆ ಕರ್ಚೀಫು ಹಿಡಿದಿದ್ದ. ವಾಸನೆ ಬರುತ್ತಿದ್ದದ್ದು ಅವನಿಂದ. ‘ಸ್ಲೋ ಆಗ್ಬಿಟ್ಟಿದ್ರು ಅಮ್ಮ. ಆದ್ರೂ ನಾವ್ಯಾರೂ ಬೇಜಾರು ಮಾಡ್ಕೊಂಡಿಲ್ಲ’ ಎಂದ. ಕ್ಷಮಿಸಿದ ಹಾಗೆ ಹೇಳಿದ.

ನನ್ನ ಗಂಡನ ಕೆಲಸ ಕಟ್ಟದ ಮನೆಗಳ ಚಿತ್ರ ಮಾಡುವುದು. ಬಿಲ್ಡರು ಇನ್ನೂ ಪಾಯ ತೋಡಿಸಿರುವುದಿಲ್ಲ, ಆಗಲೇ ಜನಕ್ಕೆ ಮನೆ ತೋರಿಸಬೇಕು. ಅಡುಗೆಮನೆ ಹೀಗಿರುತ್ತದೆ, ಮಲಗುವ ಕೋಣೆ ಹೀಗೆ, ಕಿಟಕಿಯಿಂದ ಬಿಸಿಲು ಹೀಗೆ ಬೀಳುತ್ತದೆ ಎಂದು. ನಮ್ಮ ಮದುವೆಯಾದ ಹೊಸದರಲ್ಲಿ ಅದನ್ನು ಅವರು ಕುಂಚ ಹಿಡಿದು ಮಾಡುತ್ತಿದ್ದರು. ಊಟದ ತಟ್ಟೆಯ ಪಕ್ಕದಲ್ಲೇ ಬಣ್ಣ ಅದ್ದುವ ನೀರಿನ ಲೋಟ ಇರುತ್ತಿತ್ತು. ಒಂದು ಸಲ ಕೆಲಸದ ಗುಂಗಿನಲ್ಲಿ ಆ ನೀರನ್ನೇ ಎತ್ತಿ ಕುಡಿದು, ‘ಕಾಫಿ ತೀರಾ ತೆಳ್ಳಗಾಯ್ತು ಕಣೇ’ ಎಂದಿದ್ದರು. ಆಮೇಲೆ ಕಂಪ್ಯೂಟರ್ ಬಂತು. ಕುಂಚದವರೆಲ್ಲ ಮನೆಗೆ ಹೋದರು. ಇವರು ಹೋಗಲಿಲ್ಲ. ತಮ್ಮ ಅರ್ಧ ವಯಸ್ಸಿನವರ ಹಿಂದೆ ಸ್ಟೂಲು ಹಾಕಿಕೊಂಡು ಕೂತು ಕಲಿತರು. ಬೈಸಿಕೊಂಡು ಕಲಿತರು. ಕೊನೆಗೆ ಅವರಿಗಿಂತ ಮುಂದೆ ಹೋದರು.

ಅವರ ಕೈಗುಣ ಒಂದಿತ್ತು. ಬಚ್ಚಲುಮನೆಯ ಚಿತ್ರ ಮಾಡಿದರೆ ಟವೆಲನ್ನು ಓರೆಯಾಗಿ ನೇತುಹಾಕುತ್ತಿದ್ದರು. ಯಾಕ್ರೀ ಅಂದರೆ, ‘ನೀಟಾಗಿ ಮಡಚಿಟ್ರೆ ಜನ ಅಂಗಡಿ ಅಂದ್ಕೋತಾರೆ. ಓರೆ ಮಾಡಿದ್ರೆ ಈಗಷ್ಟೇ ಯಾರೋ ಮುಖ ಒರೆಸ್ಕೊಂಡು ಹೋದ್ರು ಅನ್ಸುತ್ತೆ’ ಎನ್ನುತ್ತಿದ್ದರು. ನಮ್ಮ ಮನೆಗಿರುವುದು ಒಂದೇ ಕಿಟಕಿ. ಅದು ಪಕ್ಕದ ಕಟ್ಟಡದ ಗೋಡೆಗೆ ಮುಖ ಮಾಡಿದೆ. ನಡುವೆ ಪಾರಿವಾಳದ ಹಿಕ್ಕೆ ಗುಡ್ಡೆ ಬಿದ್ದಿರುತ್ತದೆ. ‘ನಮ್ಮನೆಗೂ ಒಂಚೂರು ಬಿಸಿಲು ಹಾಕ್ರಿ’ ಎಂದು ನಾನು ರೇಗಿಸುತ್ತಿದ್ದೆ. ‘ಬಿಲ್ಡರ್ ಹೇಳ್ಲಿ, ಹಾಕ್ತೀನಿ’ ಎನ್ನುತ್ತಿದ್ದರು.

ಆಫೀಸು ಟೈರಿನ ಅಂಗಡಿಯ ಮೇಲಿನ ಮಹಡಿಯಲ್ಲಿ. ನೆಲಕ್ಕೆ ಹಾಸಿದ ಕಾರ್ಪೆಟ್ಟಿಗೆ ಒದ್ದೆ ನಾಯಿಯ ವಾಸನೆ. ಒಂದು ಗಾಜಿನ ಕೋಣೆ ಇದೆ, ಅದರೊಳಗೆ ಒಂದು ದೊಡ್ಡ ಯಂತ್ರ. ಕೆಲಸದವರ ಮೇಜಿನ ಮೇಲಿರುವುದು ಬರೀ ಪರದೆ, ಕೀಬೋರ್ಡು, ಮೌಸು. ಲೆಕ್ಕ ಹಾಕುವ ತಲೆಯೆಲ್ಲ ಆ ಗಾಜಿನ ಕೋಣೆಯಲ್ಲಿ. ಆ ತಲೆಗೆ ಪ್ರೊಸೆಸರ್ ಅನ್ನುತ್ತಾರೆ. ಆ ಒಂದು ಯಂತ್ರದಲ್ಲಿ ಅಂಥವು ಮೂವತ್ತೆರಡು. ಅದನ್ನು ಹೋಳು ಮಾಡಿ ಸೀಟಿಗೆ ನಾಲ್ಕರಂತೆ ಹಂಚಿದ್ದರು. ಕೋಣೆಯ ಬೀಗದ ಕೈ ಇಟ್ಟುಕೊಂಡು ಅದನ್ನು ನೋಡಿಕೊಳ್ಳಲು ಒಬ್ಬನಿದ್ದ. ಅವನನ್ನು ಎಲ್ಲರೂ ಕೀಲಿಕೈ ಅನ್ನುತ್ತಿದ್ದರು.

ಇಷ್ಟೆಲ್ಲ ನನಗೆ ಆಗ ಗೊತ್ತಿರಲಿಲ್ಲ. ನಾನು ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಅಡುಗೆ ಮಾಡುವವಳು. ಓದಿದ್ದು ಕಮ್ಮಿ. ನನಗೆ ಗೊತ್ತಿದ್ದದ್ದು ಇಷ್ಟು: ಚಿತ್ರ ಕಟ್ಟಿ ಮುಗಿಸಿದ ಮೇಲೆ ರೆಂಡರ್ ಹಾಕುತ್ತಾರೆ. ಬೆಳಕು ಎಲ್ಲಿ ಬಿದ್ದು ಎಲ್ಲಿ ಪುಟಿಯುತ್ತದೆ ಎಂದು ಆಮೇಲೆ ಯಂತ್ರವೇ ಲೆಕ್ಕ ಹಾಕುತ್ತದೆ. ಅಲ್ಲಿಯವರೆಗೆ ಮನುಷ್ಯನ ಕೆಲಸ, ಅಲ್ಲಿಂದ ಯಂತ್ರದ್ದು.

ಅವರಿಗೆ ಹೃದಯದ ಆಪರೇಷನ್ ಆಯಿತು. ಮನೆಯಲ್ಲಿ ಮಲಗಿ ಸುಧಾರಿಸಿಕೊಂಡು ಮತ್ತೆ ಕೆಲಸಕ್ಕೆ ಹೋದರು. ಹೋದರೆ ಅವರ ಕಿಟಕಿ ಪಕ್ಕದ ಸೀಟಿನಲ್ಲಿ ಸೆಂಟಿನ ಭಾವಮೈದ ಕೂತಿದ್ದ. ಕಾಲು ಮೇಲೆ ಕಾಲು ಹಾಕಿಕೊಂಡು ಶೇಂಗಾ ತಿನ್ನುತ್ತಿದ್ದನಂತೆ. ಇವರಿಗೆ ಮೂಲೆಯಲ್ಲಿ ಹೊಸದಾಗಿ ಒಂದು ಮೇಜು ಹಾಕಿಕೊಟ್ಟರು. ಪಕ್ಕದಲ್ಲಿ ಪಾಯಖಾನೆಯ ಬಾಗಿಲು. ಅದಕ್ಕೆ ಚಿಲಕ ಸರಿ ಇರಲಿಲ್ಲ. ಯಾರು ಒಳಗೆ ಹೋದರೂ ಇವರಿಗೆ ಕೇಳಬೇಕು, ಮೂಸಬೇಕು. ಸಂಜೆ ಮನೆಗೆ ಬಂದರೆ ಅಂಗಿಯಲ್ಲಿ ಫಿನಾಯಿಲ್ ವಾಸನೆ. ‘ಮೊದಲು ಬಿಸಿಲು ಬರ್ತಿತ್ತು. ಈಗ ಬೇರೆಯದೆಲ್ಲ ಬರುತ್ತೆ’ ಎಂದು ನಕ್ಕರು.

ಆ ನಗು ಬೇಗ ನಿಂತಿತು. ಮೂಲೆ ಸೀಟಿಗೆ ಹೋದಾಗಿನಿಂದ ಅವರ ಕೆಲಸ ಹಿಂದೆ ಬೀಳತೊಡಗಿತು. ಬೇರೆಯವರು ಊಟಕ್ಕೆ ಹೋಗಿ ಬರುವಷ್ಟರಲ್ಲಿ ಮುಗಿಯುವ ರೆಂಡರು ಇವರದ್ದು ಸಂಜೆಯಾದರೂ ಮುಗಿಯುತ್ತಿರಲಿಲ್ಲ. ಅದಿರಲಿ, ರೆಂಡರ್ ಓಡುವಾಗ ಮೌಸು ತಡೆತಡೆದು ನಡೆಯುತ್ತಿತ್ತು. ಇವರು ಒತ್ತಿದ್ದು ಒತ್ತಿದ ಕೂಡಲೇ ಕಾಣುತ್ತಿರಲಿಲ್ಲ. ಒತ್ತಿದೆನೋ ಇಲ್ಲವೋ ಎಂದು ಮತ್ತೆ ಒತ್ತುತ್ತಿದ್ದರು. ಹಾಗೆ ಒಂದು ದಿನ ಒಂದು ಅಡುಗೆಮನೆಯ ಚಿತ್ರದಲ್ಲಿ ನಲ್ಲಿಯ ಮೇಲೆ ಇನ್ನೊಂದು ನಲ್ಲಿ ಕೂತುಬಿಟ್ಟಿತು. ಅದನ್ನು ನೋಡದೆ ಕಳಿಸಿದರು.

ಆ ಆಫೀಸಿನಲ್ಲಿ ಬೆಳಿಗ್ಗೆ ಎಲ್ಲರೂ ನಿಂತುಕೊಂಡು ಮೀಟಿಂಗು ಮಾಡುತ್ತಾರೆ. ಸೆಂಟು ಆ ನಲ್ಲಿಯ ಚಿತ್ರವನ್ನು ದೊಡ್ಡ ಪರದೆಯ ಮೇಲೆ ಹಾಕಿ ತೋರಿಸಿದ.

‘ನೋಡ್ರಪ್ಪಾ, ಎರಡೆರಡು ನಲ್ಲಿ. ಒಂದರಲ್ಲಿ ನೀರು, ಒಂದರಲ್ಲಿ ಹಾಲು ಬರುತ್ತೆ ಅನ್ಸುತ್ತೆ’ ಎಂದ.

‘ಅಣ್ಣನಿಗೆ ಎಲ್ಲಾ ಎರಡೆರಡು ಕಾಣ್ತಿದೆ ಸರ್, ಯಾವ ಬ್ರ್ಯಾಂಡೋ ಕೇಳಿ’ ಎಂದ ಭಾವಮೈದ. ಎಲ್ಲರೂ ನಕ್ಕರು.

‘ಬಸವನಹುಳು ಆಗ್ಬಿಟ್ರಲ್ರೀ ನೀವು’ ಎಂದ ಸೆಂಟು. ‘ಇನ್ಮೇಲೆ ಇವರಿಗೆ ದಿಂಬು, ಕುಷನ್ನು, ಹೂಕುಂಡ ಕೊಡಿ ಸಾಕು. ಬೆಳಕಿನ ಕೆಲಸ ಬೇಡ.’

ಅವತ್ತಿನಿಂದ ಅಲ್ಲಿ ಅವರ ಹೆಸರೇ ಬಸವನಹುಳು ಆಯಿತು. ಇದನ್ನೆಲ್ಲ ಅವರೇ ಮನೆಗೆ ಬಂದು ಹೇಳಿದರು. ಹೇಳಿ, ತಟ್ಟೆಯಲ್ಲಿದ್ದ ಅನ್ನವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ತಳ್ಳುತ್ತಾ ಕೂತರು.

‘ಆ ಯಂತ್ರಕ್ಕೇ ಏನಾದ್ರೂ ಆಗಿರ್ಬೇಕು ಕಣ್ರೀ. ಕೇಳಿ ನೋಡಿ’ ಎಂದೆ.

ಕೇಳಿದರು. ಕೀಲಿಕೈಯ ಹತ್ತಿರ ಹೋಗಿ, ‘ನನ್ನ ಸೀಟು ಯಾಕೋ ಎಳೀತಿಲ್ಲಪ್ಪ, ಒಂದು ಸಲ ನೋಡು’ ಎಂದರಂತೆ. ಅವನು ಎದ್ದು ಇವರ ಮೇಜಿನವರೆಗೆ ಬಂದ. ಪರದೆಯ ಮೇಲೆ ಏನನ್ನೋ ತೆರೆದು ತೋರಿಸಿದ.

‘ನೋಡಣ್ಣಾ. ಪ್ರೊಸೆಸರ್ ಎಷ್ಟು? ಮೂವತ್ತೆರಡು. ಬೇರೆಯವರಿಗೆ ನಾಲ್ಕು ತೋರಿಸುತ್ತೆ. ನಿಂಗೆ ಮೂವತ್ತೆರಡು! ರಾಜನ ಹಾಗೆ ಕೂತಿದೀಯ, ಇನ್ನೇನು ಬೇಕು? ಯಂತ್ರದಲ್ಲಿ ಏನೂ ಇಲ್ಲ. ಡಾಕ್ಟರಿಗೆ ತೋರಿಸ್ಕೋ.’

ನನ್ನ ಗಂಡ ಆ ಸಂಖ್ಯೆಯನ್ನು ಕಣ್ಣಾರೆ ನೋಡಿದರು. ನಂಬಿದರು. ಎಲ್ಲರಿಗಿಂತ ದೊಡ್ಡ ಯಂತ್ರ ತಮಗೇ ಕೊಟ್ಟಿದ್ದಾರೆ, ಆದರೂ ತಮ್ಮಿಂದ ಆಗುತ್ತಿಲ್ಲ. ಹಾಗಾದರೆ ಕೆಟ್ಟಿರುವುದು ತಾವೇ ಎಂದು ತೀರ್ಮಾನಕ್ಕೆ ಬಂದರು. ಆಪರೇಷನ್ ಆದವರಲ್ಲಿ ಕೆಲವರಿಗೆ ಸ್ವಲ್ಪ ಕಾಲ ಮರೆವು, ಮಂಕು ಇರಬಹುದು ಎಂದು ಡಾಕ್ಟರ್ ಹೇಳಿದ್ದರು. ಅದೂ ಸೇರಿಕೊಂಡಿತು.

ಆಮೇಲೆ ನಮ್ಮ ಮನೆಯಲ್ಲಿ ನಡೆದದ್ದನ್ನು ನೆನೆಸಿಕೊಂಡರೆ ನನಗೆ ಆ ಆಫೀಸಿನ ಮೇಲೆ ಉಗಿಯಬೇಕು ಅನಿಸುತ್ತದೆ. ಮನೆಯ ಬೀಗದ ಕೈಯನ್ನು ತಾವಾಗಿಯೇ ತಂದು ಮಗಳ ಕೈಗಿಟ್ಟರು. ‘ನಾನು ಎಲ್ಲಾದ್ರೂ ಕಳೆದುಬಿಡ್ತೀನಿ, ನೀನಿಟ್ಕೋ’ ಎಂದರು. ಒಂದು ಸಲವೂ ಕಳೆದಿರಲಿಲ್ಲ. ರಸ್ತೆ ದಾಟುವಾಗ ಯಾರಾದರೂ ಜೊತೆಗೆ ಸಿಗಲಿ ಎಂದು ಕಾಯುತ್ತಿದ್ದರು. ಗ್ಯಾಸ್ ಆರಿಸಿದ ಮೇಲೆ ಒಲೆಯ ಮುಂದೆ ನಿಂತು, ‘ಆರಿಸಿದೀನಿ, ಆರಿಸಿದೀನಿ’ ಎಂದು ತಮಗೇ ಹೇಳಿಕೊಳ್ಳುತ್ತಿದ್ದರು. ಊಟಕ್ಕೆ ಕೂತರೆ ಮಗಳಿಗೆ ಒಂದೇ ವರಾತ.

‘ಏನಾದ್ರೂ ಕೇಳು ಮಗಾ. ನಿನ್ನೆ ಊಟಕ್ಕೆ ಏನಿತ್ತು ಅಂತ ಕೇಳು.’

‘ಅಪ್ಪಾ, ನಿನ್ನೆ ಏನಿತ್ತು ಅಂತ ನಂಗೇ ನೆನಪಿಲ್ಲ, ನೀನು ಹೇಳಿದ್ದು ಸರೀನಾ ಅಂತ ಹೇಗೆ ಹೇಳ್ಲಿ?’ ಎನ್ನುತ್ತಿದ್ದಳು ಅವಳು.

ಮಗಳು ನರ್ಸು. ಅಪ್ಪನ ಹೆದರಿಕೆ ಕಡಿಮೆಯಾಗಲಿ ಎಂದು ಮನೆಯಲ್ಲೆಲ್ಲ ಚೀಟಿ ಅಂಟಿಸಿದಳು. ಒಲೆಯ ಮೇಲಿನ ಗೋಡೆಯಲ್ಲಿ ‘ಗ್ಯಾಸ್’. ಬಾಗಿಲಲ್ಲಿ ‘ಕನ್ನಡಕ’. ಬಚ್ಚಲಲ್ಲಿ ‘ನಲ್ಲಿ’. ನಲ್ಲಿ ಎಂದು ಬರೆದದ್ದನ್ನು ನೋಡಿದಾಗಲೆಲ್ಲ ಅವರ ಮುಖ ಸಣ್ಣಗಾಗುತ್ತಿತ್ತು. ಅದೊಂದನ್ನು ನಾನು ಕಿತ್ತುಹಾಕಿದೆ.

ನನಗೆ ಮಾತ್ರ ಅವರು ಮಂಕಾಗಿದ್ದಾರೆ ಅನಿಸಲೇ ಇಲ್ಲ. ನಾನು ತರಕಾರಿ ಹೆಚ್ಚುತ್ತಾ ಕೂತಿದ್ದರೆ ಎದುರಿಗೆ ಕೂತು ಕಾಗದದ ಪೊಟ್ಟಣದ ಮೇಲೆ ಪೆನ್ಸಿಲಲ್ಲಿ ನನ್ನ ಕೈ, ಈಳಿಗೆ, ಬುಟ್ಟಿ ಎಲ್ಲ ಬರೆದುಬಿಡುತ್ತಿದ್ದರು. ನಾನು ಒಂದು ಸೌತೆಕಾಯಿ ಮುಗಿಸುವಷ್ಟರಲ್ಲಿ ಚಿತ್ರ ಮುಗಿದಿರುತ್ತಿತ್ತು. ‘ಇದೇನ್ರೀ, ಇಷ್ಟು ಬೇಗ? ಬಸವನಹುಳುವಿಗೆ ರೆಕ್ಕೆ ಬಂತಾ?’ ಎಂದರೆ, ‘ಇದು ಆಟ ಕಣೇ. ಕೆಲಸ ಬೇರೆ’ ಎನ್ನುತ್ತಿದ್ದರು. ಮನೆಯಲ್ಲಿ ಓಡುವ ಕೈ ಆಫೀಸಿನಲ್ಲಿ ಯಾಕೆ ಓಡುವುದಿಲ್ಲ ಎಂದು ವಾದ ಮಾಡುವ ಓದು ನನಗಿರಲಿಲ್ಲ. ಅವರ ಹತ್ತಿರ ಮೂವತ್ತೆರಡು ಎಂಬ ಸಂಖ್ಯೆ ಇತ್ತು.

ಒಂದು ದಿನ ಬೆಳಿಗ್ಗೆ ಬಾಗಿಲ ಹತ್ತಿರ ಕೂತು ಶೂ ಹಾಕಿಕೊಳ್ಳುತ್ತಿದ್ದರು. ‘ಇವತ್ತು ಬರೀ ಕುಷನ್ನು ಕಣೇ. ಕುಷನ್ನಲ್ಲೂ ತಪ್ಪು ಮಾಡ್ತೀನೇನೋ’ ಎಂದರು. ಹಾಗೇ ಗೋಡೆಗೆ ಒರಗಿದರು. ಅಷ್ಟೇ.

ಆ ಯಂತ್ರವೇ ಅವರನ್ನು ಕೊಂದಿತು ಎಂದು ನಾನು ಹೇಳುವುದಿಲ್ಲ. ಹೃದಯ ಮೊದಲೇ ಹಾಳಾಗಿತ್ತು. ಆದರೆ ಅವರು ಹೋಗುವಾಗ ತಾನು ಕೆಲಸಕ್ಕೆ ಬಾರದವನು ಎಂದುಕೊಂಡು ಹೋದರು. ಅದು ಹೃದಯದ ರೋಗ ಅಲ್ಲ. ಅದನ್ನು ಕೊಟ್ಟವರು ಬೇರೆ.

ಇವರು ಹೋದ ಮೇಲೆ ಮೂಲೆ ಸೀಟಿಗೆ ಒಬ್ಬಳು ಬಂದಳು. ಎರಡು ಮಕ್ಕಳ ತಾಯಿ, ಬೇರೆ ಕಡೆ ಇದೇ ಕೆಲಸ ಮಾಡಿ ಬಂದವಳು. ಆಫೀಸಿನವರು ಅವಳಿಗೆ ಬಾಯಿಬಡುಕಿ ಎಂದು ಹೆಸರಿಟ್ಟಿದ್ದಾರೆ. ಅವಳೇ ನನಗೆ ಹೇಳಿದಳು, ಹೆಮ್ಮೆಯಿಂದ. ಒಂದು ರಜೆಯ ದಿನ ಮಧ್ಯಾಹ್ನ ನನ್ನ ಗಂಡನ ಸಾಮಾನುಗಳನ್ನು ಚೀಲದಲ್ಲಿ ಹಾಕಿಕೊಂಡು ಮನೆಗೆ ಬಂದಳು. ಬೆನ್ನಿಗಿಟ್ಟುಕೊಳ್ಳುತ್ತಿದ್ದ ದಿಂಬು, ಕನ್ನಡಕದ ಡಬ್ಬಿ, ಒಂದು ಜೊತೆ ಚಪ್ಪಲಿ, ಕಾಫಿಯ ಕಪ್ಪು. ಕಪ್ಪಿನೊಳಗೆ ಅವರು ಕುಡಿದು ಬಿಟ್ಟ ಕಾಫಿ ಬೂಷ್ಟು ಹಿಡಿದು ಹಸಿರು ತುಪ್ಪಳದ ಹಾಗಾಗಿತ್ತು. ಅಷ್ಟು ಜನರಲ್ಲಿ ಒಬ್ಬರಿಗೂ ಅದನ್ನು ತೊಳೆಯಬೇಕು ಅನಿಸಲಿಲ್ಲ.

‘ತಪ್ಪು ತಿಳ್ಕೋಬೇಡಿ ಅಕ್ಕಾ, ಚೀಲ ಕಟ್ಟಿ ಕೊಟ್ಟವರು ಅವರು. ನಾನು ಇಲ್ಲಿ ಬಂದ ಮೇಲೇ ನೋಡ್ತಿರೋದು’ ಎಂದಳು. ಅವಳೇ ಎದ್ದು ತೊಳೆಯಲು ಹೋದಳು. ತೊಳೆಯುತ್ತಲೇ ಮಾತಾಡಿದಳು.

‘ನಿಮ್ಮನೆಯವರು ಆ ದರಿದ್ರ ಸೀಟಲ್ಲಿ ಅದ್ಹೇಗೆ ಕೂತಿದ್ರೋ. ನಾನು ಬಂದ ದಿನವೇ ಜಗಳ ತೆಗೆದೆ. ರೆಂಡರ್ ಹಾಕಿದ್ರೆ ಮೌಸೇ ಅಲ್ಲಾಡಲ್ಲ. ಆ ಕೀಲಿಕೈ ಬಂದು, ಮೂವತ್ತೆರಡು ತೋರಿಸ್ತಿದೆ ನೋಡಿ ಮೇಡಂ ಅಂದ. ತೋರಿಸ್ಲಿ ಬಿಡಯ್ಯ, ಕೊಟ್ಟಿರೋದೆಷ್ಟು ಹೇಳು ಅಂದೆ. ಕೋಣೆಗೆ ಹೋಗಿ ನೋಡಿ ಬಂದ. ಮುಖ ಬಿಳುಚಿತ್ತು. ಎರಡು ಅಂದ.’

ನಾನು ಕೂತಲ್ಲಿಂದ ಎದ್ದೆ. ‘ತಾಳು. ಎರಡು ಅಂದ್ರೆ? ನಮ್ಮನೆಯವರಿಗೂ ಮೂವತ್ತೆರಡು ಅಂತಲೇ ತೋರಿಸಿದ್ದು.’

‘ಅದೇ ಸೀಟಲ್ವಾ ಅಕ್ಕಾ. ನಿಮ್ಮನೆಯವರಿಗೂ ಎರಡೇ.’

‘ನಿಧಾನಕ್ಕೆ ಹೇಳು. ನಂಗೆ ತಿಳಿಯೋ ಹಾಗೆ ಹೇಳು.’

ಅವಳು ಕೈ ಒರೆಸಿಕೊಂಡು ಬಂದು ಕೂತಳು. ‘ನೋಡಿ, ಪ್ರೋಗ್ರಾಂ ಶುರುವಾದ ಕೂಡಲೇ ಸಿಸ್ಟಮ್ಮನ್ನ ಕೇಳುತ್ತೆ, ನಂಗೆ ಎಷ್ಟು ಪ್ರೊಸೆಸರ್ ಇದೆ ಅಂತ. ಸಿಸ್ಟಮ್ ಎಷ್ಟು ಹೇಳುತ್ತೋ ಅಷ್ಟು ತುಂಡು ಮಾಡಿ ಕೆಲಸ ಹಚ್ಚುತ್ತೆ. ಬೇರೆ ಎಂಟು ಸೀಟಿಗೆ ಇಂಥಿಂಥ ನಂಬರಿನ ನಾಲ್ಕು ನಿಂದು ಅಂತ ಗುರುತು ಹಾಕಿ ಕಟ್ಟಿದಾರೆ. ಅಲ್ಲಿ ಕೇಳಿದ್ರೆ ಸಿಸ್ಟಮ್ ಸರಿಯಾಗಿ ನಾಲ್ಕು ಅನ್ನುತ್ತೆ. ಮೂಲೆ ಸೀಟು ಆಮೇಲೆ ಹಾಕಿದ್ದು. ಗುರುತು ಹಾಕೋಕೆ ಒಂದೂ ಉಳಿದಿರ್ಲಿಲ್ಲ. ಅದಕ್ಕೆ ಎಲ್ಲದ್ರಲ್ಲೂ ಚೂರುಚೂರು ಹೊತ್ತು ಅಂತ ಪಾಲು ಕೊಟ್ರು. ಒಟ್ಟು ಸೇರಿಸಿದ್ರೆ ಎರಡು ಪ್ರೊಸೆಸರಿನಷ್ಟು. ಆ ಪಾಲಿನ ವಿಷಯ ಬೇರೆ ಜಾಗದಲ್ಲಿ ಬರೆದಿರುತ್ತೆ. ನಮ್ಮಲ್ಲಿರೋದು ಹಳೇ ಪ್ರೋಗ್ರಾಂ, ಅದು ಅಲ್ಲಿ ಹೋಗಿ ನೋಡಲ್ಲ. ಎಷ್ಟಿದೆ ಅಂತ ಮಾತ್ರ ಕೇಳುತ್ತೆ. ಪೆಟ್ಟಿಗೆಯಲ್ಲಿ ಇರೋದು ಮೂವತ್ತೆರಡು. ಮೂವತ್ತೆರಡು ಅಂತ ಉತ್ತರ ಬರುತ್ತೆ.’

ನಾನು ಯೋಚನೆ ಮಾಡಿದೆ. ‘ನಮ್ಮ ಕ್ಯಾಂಟೀನಿಗೆ ಹೊಸ ಅಡುಗೆಯವನು ಬಂದ ಅಂತಿಟ್ಕೋ. ಒಲೆ ಎಷ್ಟಿದೆ ಅಂದ. ಮೂವತ್ತೆರಡು ಅಂದ್ರು. ಮೂವತ್ತೆರಡು ಒಲೆ ಮೇಲೂ ಪಾತ್ರೆ ಇಟ್ಟು ಹಚ್ಚಿದ. ಅವನ ಪಾಲಿಗೆ ಬಿಡೋ ಗ್ಯಾಸು ಮಾತ್ರ ಎರಡು ಒಲೆಗಾಗೋಷ್ಟು. ಭಗ್ ಅಂತ ಹತ್ತಿ ಆರಿಹೋಯ್ತು.’

‘ಅಷ್ಟೇ ಅಕ್ಕಾ! ಮತ್ತೆ ಗ್ಯಾಸ್ ಬಿಡೋವರೆಗೆ ಎಲ್ಲಾ ನಿಂತುಬಿಡುತ್ತೆ. ಮತ್ತೆ ಭಗ್. ಮತ್ತೆ ನಿಲ್ಲೋದು. ರೆಂಡರೂ ನಿಲ್ಲುತ್ತೆ, ಮೌಸೂ ನಿಲ್ಲುತ್ತೆ. ನಿಂತಾಗ ಒತ್ತಿದ್ದು ಕಾಣ್ಲಿಲ್ಲ ಅಂತ ಮತ್ತೆ ಒತ್ತಿದ್ರೆ ಆಮೇಲೆ ಎರಡೆರಡು ಸಲ ಆಗುತ್ತೆ.’

‘ಒಂದೂ ಬೇಯಲ್ಲ’ ಎಂದೆ. ‘ಬೇಯದೇ ಇದ್ರೆ ಜನ ಒಲೇನ ಬಯ್ಯಲ್ಲ. ಅಡುಗೆಯವನಿಗೆ ಬಯ್ತಾರೆ.’

ಆಗಷ್ಟೇ ಅವಳಿಗೆ ತಾನು ಯಾರ ಮನೆಯಲ್ಲಿ ಏನು ಹೇಳಿದೆ ಎಂಬುದು ಹೊಳೆಯಿತು ಅನಿಸುತ್ತದೆ.

‘ಸರಿ ಮಾಡಿದ್ರಾ?’ ಎಂದು ಕೇಳಿದೆ.

‘ಮಾಡಿದ್ರು. ಒಂದೇ ಒಂದು ಸಾಲು. ಕೇಳೋಕೆ ಹೋಗ್ಬೇಡ, ಎರಡು ಅಂತ ತಿಳ್ಕೋ ಅಂತ ಆ ಕೀಲಿಕೈ ಪ್ರೋಗ್ರಾಮಿಗೆ ಬರೆದ. ಆಮೇಲೆ ಆ ಭಾವಮೈದನ ಸೀಟಿಂದ ಒಂದೆರಡು ಬಿಡಿಸಿ ನಂಗೆ ಕಟ್ಟಿಕೊಟ್ಟ. ಅವನಿಗೆ ಶೇಂಗಾ ತಿನ್ನೋಕೆ ನಾಲ್ಕು ಯಾಕೆ?’

ಎಷ್ಟು ಹೊತ್ತು ಹಿಡಿಯಿತು ಎಂದು ನಾನು ಕೇಳಲಿಲ್ಲ. ಅವಳು ಕಾಫಿ ಆರುವ ಮೊದಲೇ ಮುಗಿಯಿತು ಎಂದು ತಾನಾಗಿ ಹೇಳಿದಳು. ಅವಳು ತೊಳೆದಿಟ್ಟಿದ್ದ ಕಪ್ಪನ್ನು ಎತ್ತಿಕೊಂಡು ಹೋಗಿ ನಾನು ಮತ್ತೊಮ್ಮೆ ತೊಳೆದೆ.

ಮಗಳು ಡ್ಯೂಟಿ ಮುಗಿಸಿ ಬಂದಾಗ ಹೇಳಿದೆ. ಅವಳು ಅಳಲಿಲ್ಲ. ಚೀಲವನ್ನೂ ಇಳಿಸದೆ ಅಡುಗೆಮನೆಗೆ ಹೋಗಿ ಗೋಡೆಯ ಮೇಲಿನ ‘ಗ್ಯಾಸ್’ ಚೀಟಿಯನ್ನು ಉಗುರಿನಿಂದ ಕೆರೆಯತೊಡಗಿದಳು. ಕಾಗದ ಬಂತು, ಅಂಟು ಬರಲಿಲ್ಲ. ಕೆರೆಯುತ್ತಲೇ ಇದ್ದಳು.

‘ಬಿಡೇ, ಉಗುರು ಕಿತ್ತೋಗುತ್ತೆ’ ಎಂದೆ.

‘ಅಪ್ಪ ನನ್ನ ಕೇಳ್ತಿದ್ರಲ್ಲಮ್ಮ, ನನ್ನ ತಲೆ ಸರಿ ಇದೆಯಾ ನೋಡು ಅಂತ. ಸರಿ ಇತ್ತಮ್ಮ. ಪೂರ್ತಿ ಸರಿ ಇತ್ತು.’

‘ಅದನ್ನ ಆ ಆಫೀಸಿನವರ ಬಾಯಲ್ಲೇ ಹೇಳಿಸ್ತೀನಿ’ ಎಂದೆ.

ಬೆಳಿಗ್ಗೆ ಕ್ಯಾಂಟೀನಿಗೆ ಬರುವುದು ತಡವಾಗುತ್ತದೆ ಎಂದು ಹೇಳಿ ಆಫೀಸಿಗೆ ಹೋದೆ. ಸೆಂಟು ನನ್ನನ್ನು ತನ್ನ ಕೋಣೆಯೊಳಗೆ ಕೂರಿಸಿ ಬಾಗಿಲು ಹಾಕಿದ. ಮೇಜಿನ ಮೇಲೆ ಒಂದು ಪುಟ್ಟ ಬಾಟಲಿಯಿಂದ ಕೈಗೆ ಏನನ್ನೋ ಹಾಕಿಕೊಂಡು ಉಜ್ಜಿದ. ನಾನು ಮುಟ್ಟಿಯೂ ಇರಲಿಲ್ಲ.

‘ಹೇಳಿ ಅಮ್ಮ. ಟೀ ತರಿಸ್ಲಾ?’

‘ಬೇಡ. ಆ ಮೂಲೆ ಸೀಟಿನ ವಿಷಯ ಗೊತ್ತಾಯ್ತು.’

ಅವನ ಕೈ ಉಜ್ಜುವುದು ನಿಂತಿತು. ‘ಅದೊಂದು ಟೆಕ್ನಿಕಲ್ ವಿಷಯ. ಯಾರ ತಪ್ಪೂ ಅಲ್ಲ. ಸಿಸ್ಟಮ್ಮೇ ಮೂವತ್ತೆರಡು ಅಂತ ಹೇಳ್ತಿದ್ರೆ ನಾವೇನ್ಮಾಡೋಣ?’

‘ಸಿಸ್ಟಮ್ ಹೇಳಿದ್ದು ನಂಬಿದ್ರಿ. ನಮ್ಮನೆಯವರು ಹೇಳಿದ್ದು ನಂಬ್ಲಿಲ್ಲ.’

‘ಹಾಗಲ್ಲಮ್ಮ...’

‘ಹಾಗೇ.’

ಅವನು ಕುರ್ಚಿಯಲ್ಲಿ ಹಿಂದೆ ಮುಂದೆ ಆಡಿದ. ನನ್ನ ಗಂಡನ ಒಂದು ಫೋಟೋಗೆ ಕಟ್ಟು ಹಾಕಿಸಿ ಆಫೀಸಿನ ಹಾಲಿನಲ್ಲಿ ತೂಗುಹಾಕುತ್ತೇವೆ ಎಂದ. ದೊಡ್ಡದಾಗಿ ಎಂದು ಕೈಯಲ್ಲಿ ಅಳತೆ ತೋರಿಸಿದ.

‘ಫೋಟೋ ನಮ್ಮನೇಲಿದೆ. ನೀವು ಎಲ್ಲರನ್ನೂ ನಿಲ್ಲಿಸ್ಕೊಂಡು ಬಸವನಹುಳು ಅಂದ್ರಲ್ಲ, ಹಾಗೇ ಎಲ್ಲರನ್ನೂ ನಿಲ್ಲಿಸ್ಕೊಂಡು ಅಲ್ಲ ಅನ್ನಿ. ನಾನು ಕೇಳಿಸ್ಕೊಂಡು ಹೋಗ್ತೀನಿ. ಬೇರೇನೂ ಬೇಡ.’

‘ಈಗ್ಲೇ?’

‘ಮೀಟಿಂಗ್ ಹೊತ್ತಿಗೇ ಬಂದಿದೀನಿ.’

ಅವನಿಗೆ ನನ್ನನ್ನು ಬೇಗ ಸಾಗಹಾಕಬೇಕಾಗಿತ್ತು. ಹೊರಗೆ ಬಂದು ಚಪ್ಪಾಳೆ ತಟ್ಟಿ ಎಲ್ಲರನ್ನೂ ಕರೆದ. ಎದ್ದು ಬಂದರು. ಇಬ್ಬರು ಕಿವಿಯಿಂದ ಹೆಡ್‌ಫೋನ್ ಕೂಡ ತೆಗೆದಿರಲಿಲ್ಲ. ಭಾವಮೈದ ನನ್ನನ್ನು ನೋಡಿ ಹಲ್ಲಿನ ಸಂದಿಯಲ್ಲಿದ್ದದ್ದನ್ನು ನಾಲಗೆಯಿಂದ ತೆಗೆಯುತ್ತಾ ನಿಂತ. ಕೀಲಿಕೈ ಗಾಜಿನ ಕೋಣೆಯ ಬಾಗಿಲು ಬಿಟ್ಟು ಮುಂದೆ ಬರಲಿಲ್ಲ.

ಸೆಂಟು ಗಂಟಲು ಸರಿ ಮಾಡಿಕೊಂಡ. ‘ನಮ್ಮನ್ನು ಅಗಲಿದ ನಮ್ಮ ಹಿರಿಯ ಸಹೋದ್ಯೋಗಿ ನಮಗೆಲ್ಲ ತುಂಬಾ ಬೇಕಾದವರು. ಅವರ ಕೊನೇ ದಿನಗಳಲ್ಲಿ ಕೆಲವು ತಾಂತ್ರಿಕ ಅಡಚಣೆಗಳಿಂದಾಗಿ ಅವರ ಉತ್ಪಾದಕತೆಯಲ್ಲಿ...’

‘ಏನಂದ್ರಿ?’ ಎಂದೆ. ‘ನಂಗೆ ಅರ್ಥ ಆಗ್ಲಿಲ್ಲ. ಇವರಿಗೂ ಆಗಿರ್ಲಿಕ್ಕಿಲ್ಲ. ಅವತ್ತು ಬಸವನಹುಳು ಅಂದಾಗ ಎಲ್ಲರಿಗೂ ಅರ್ಥ ಆಗಿತ್ತು.’

ಯಾರೋ ಕೆಮ್ಮಿದರು. ಬಾಯಿಬಡುಕಿ ಮೂಲೆಯಿಂದ, ‘ಹೆಡ್‌ಫೋನ್ ತೆಗೀರ್ರೋ, ಮನುಷ್ಯರು ಮಾತಾಡ್ತಿದಾರೆ’ ಎಂದಳು. ತೆಗೆದರು.

‘ನಿಧಾನ ಆಗಿದ್ದು ಸೀಟು’ ಎಂದ ಸೆಂಟು. ನೆಲ ನೋಡಿಕೊಂಡು ಹೇಳಿದ.

‘ಮತ್ತೆ ಅವರು?’

‘ಅವರಲ್ಲ.’

‘ಪೂರ್ತಿ ಹೇಳಿ.’

‘ಅವರು ನಿಧಾನ ಆಗಿರ್ಲಿಲ್ಲ. ನಾವು ಕೊಟ್ಟಿದ್ದು ಕಮ್ಮಿ. ಜಾಸ್ತಿ ಕೊಟ್ಟಿದೀವಿ ಅಂದ್ಕೊಂಡಿದ್ವಿ.’

ಅಷ್ಟೇ ಮಾತು. ಹೇಳಿ ಮುಗಿಯಿತು. ನನಗೆ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಏನೂ ಆಗಲಿಲ್ಲ. ಕೇಳಬೇಕಾದ ಮನುಷ್ಯನನ್ನು ಬಿಟ್ಟು ಉಳಿದವರೆಲ್ಲ ಕೇಳಿಸಿಕೊಂಡರು. ಮೂಗಿಗೆ ಆ ಸೆಂಟು, ಆ ಕಾರ್ಪೆಟ್ಟು, ಆ ಪಾಯಖಾನೆ ಎಲ್ಲ ಒಟ್ಟಿಗೆ ಬಡಿಯಿತು.

‘ನಾವೆಲ್ಲ ತಮಾಷೆಗೆ ಅಂತಿದ್ವಿ ಅಕ್ಕಾ. ಅವರೂ ನಗ್ತಿದ್ರು’ ಎಂದ ಭಾವಮೈದ.

‘ಮನೆಗೆ ಬಂದು ನಗ್ತಿರ್ಲಿಲ್ಲ’ ಎಂದೆ. ಅವನ ಮುಖ ನೋಡಿ ಇನ್ನೂ ಏನೋ ಹೇಳಬೇಕು ಅನಿಸಿತು. ಹೇಳಿದರೆ ಬಾಯಿ ಗಲೀಜಾಗುತ್ತದೆ ಎಂದು ಬಿಟ್ಟೆ. ಬಾಯಿಬಡುಕಿಗೆ ತಲೆಯಾಡಿಸಿ ಹೊರಟೆ.

ಮೆಟ್ಟಿಲಲ್ಲಿ ಅರ್ಧ ಇಳಿದಿದ್ದೆ. ಹಿಂದಿನಿಂದ ಓಡಿ ಬರುವ ಸದ್ದಾಯಿತು. ಕೀಲಿಕೈ. ನನ್ನ ಕೈ ಹಿಡಿದುಕೊಂಡ. ಅವನ ಅಂಗೈ ಬೆವರಿ ಜಿಗುಟಾಗಿತ್ತು.

‘ಅಕ್ಕಾ, ತಪ್ಪು ನಂದು. ಆ ಪಾಲು ಹಾಕಿದ್ದೇ ನಾನು. ನಾನೇ ಹಾಕಿದ್ದನ್ನ ನಾನೇ ಮರೆತೆ. ಪರದೆ ಮೇಲೆ ಮೂವತ್ತೆರಡು ಕಂಡಿತು, ಅಷ್ಟಕ್ಕೆ ನಿಲ್ಲಿಸಿಬಿಟ್ಟೆ. ಡಾಕ್ಟರಿಗೆ ತೋರಿಸ್ಕೋ ಅಂದುಬಿಟ್ಟೆ ಅಕ್ಕಾ.’

‘ಗೊತ್ತು.’

‘ಹೋಗ್ಲಿ ಬಿಡಪ್ಪಾ ಅಂತ ನೀವೊಂದು ಮಾತು ಅಂದ್ರೆ ಸಾಕು. ನಂಗೆ ಸಮಾಧಾನ ಆಗುತ್ತೆ.’

ಅವನ ಕಣ್ಣಲ್ಲಿ ನೀರಿತ್ತು. ಮೂಗಲ್ಲೂ ಇತ್ತು. ಸುಳ್ಳು ಅಳು ಅಲ್ಲ. ಅಲ್ಲಿದ್ದವರಲ್ಲಿ ನನ್ನ ಹಿಂದೆ ಬಂದವನು ಅವನೊಬ್ಬನೇ. ಆದರೂ ನನಗೆ ಅಸಹ್ಯವಾಯಿತು. ನನ್ನ ಗಂಡ ಇವನ ಹತ್ತಿರ ಹೋಗಿ, ಒಂದು ಸಲ ನೋಡು ಎಂದಿದ್ದರು. ಅವರಿಗೆ ಬೇಕಾಗಿದ್ದದ್ದೂ ಒಂದು ಮಾತೇ. ಅದನ್ನು ಕೊಡಲು ಇವನಿಗೆ ಆಗಿರಲಿಲ್ಲ. ಈಗ ತನಗೊಂದು ಮಾತು ಬೇಕು ಎಂದು ಮೆಟ್ಟಿಲಿಳಿದು ಬಂದಿದ್ದಾನೆ.

ಕೈ ಬಿಡಿಸಿಕೊಂಡೆ.

‘ನಿದ್ದೆ ಬರ್ತಿಲ್ಲ ಅಕ್ಕಾ’ ಎಂದ.

‘ಬರದೇ ಇರ್ಲಿ’ ಎಂದು ಹೇಳಿ ಇಳಿದು ಹೋದೆ.